1200, 1500 ಎಂಬ ಅಂಕಿ ನೋಡಿ ಅಡುಗೆಮನೆಗೆ ಚಿಮಣಿ ಕೊಳ್ಳಬೇಕೇ? ಸರಿಯಾದ ಅಳತೆ ಯಾವುದು?

ದಸರಾ, ದೀಪಾವಳಿ ಹತ್ತಿರ ಬಂದರೆ ಸಾಕು, ಮೈಸೂರಿನ ಗೃಹೋಪಯೋಗಿ ಅಂಗಡಿಗಳ ಆಫರ್‌ಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತವೆ. ಅವುಗಳ ಬೆನ್ನಿಗೇ ಸಲಹೆಗಳೂ ಬರುತ್ತವೆ. ನಮ್ಮ ಅಡುಗೆಗೆ ಒಗ್ಗರಣೆ ಜಾಸ್ತಿ, ಆದ್ದರಿಂದ 1200ಕ್ಕಿಂತ ಕಡಿಮೆ ಸಕ್ಷನ್ ಇರುವ ಚಿಮಣಿ ಬೇಡವೇ ಬೇಡ ಎಂಬುದು ಒಂದು. ಚಿಮಣಿ ಇದ್ದರೆ ಕಿಟಕಿ ಮುಚ್ಚಿಕೊಂಡೇ ಅಡುಗೆ ಮಾಡಬಹುದು ಎಂಬುದು ಇನ್ನೊಂದು. ಗ್ಯಾಸ್ ಸೋರಿದರೂ ಚಿಮಣಿ ಎಳೆದು ಹೊರಹಾಕುತ್ತದೆ ಎಂಬುದು ಮೂರನೆಯದು. ಇವುಗಳಲ್ಲಿ ಮೊದಲನೆಯದು ಅರ್ಧ ಸತ್ಯ, ಎರಡನೆಯದು ತಪ್ಪು, ಮೂರನೆಯದು ಪ್ರಾಣಕ್ಕೇ ಅಪಾಯ. ಒಂದೊಂದಾಗಿ ನೋಡೋಣ.

ಗ್ಯಾಸ್ ಒಲೆಗೆ ಹೊಗೆ ಎಲ್ಲಿದೆ?

ಸೌದೆ ಒಲೆಯ ಹೊಗೆ ಎಷ್ಟು ಕೆಟ್ಟದ್ದು ಎಂಬುದಕ್ಕೆ ನಮ್ಮ ಜಿಲ್ಲೆಯದೇ ಅಧ್ಯಯನವಿದೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಮತ್ತು ಅವರ ಸಹೋದ್ಯೋಗಿಗಳು ಮೈಸೂರು ಜಿಲ್ಲೆಯ ಹಳ್ಳಿಗಳ ಮಹಿಳೆಯರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಇರುತ್ತಾರೆ ಎಂಬುದನ್ನು ಎಷ್ಟು ವರ್ಷ ಅಡುಗೆ ಮಾಡಿದ್ದಾರೆ ಎಂಬುದರಿಂದ ಗುಣಿಸಿ ಅವರು ಒಂದು ಸೂಚ್ಯಂಕ ಲೆಕ್ಕ ಹಾಕಿದ್ದರು. ಆ ಸೂಚ್ಯಂಕ 60 ಮುಟ್ಟಿದವರಲ್ಲಿ ದೀರ್ಘಕಾಲದ ಕೆಮ್ಮು–ಕಫದ ಕಾಯಿಲೆಯ (ಕ್ರಾನಿಕ್ ಬ್ರಾಂಕೈಟಿಸ್) ಅಪಾಯ ಗಮನಾರ್ಹವಾಗಿ ಏರಿತ್ತು. ದಿನಕ್ಕೆ 3 ಗಂಟೆಯಂತೆ 20 ವರ್ಷ ಎಂದರೆ 60. ಬಹಳಷ್ಟು ತಾಯಂದಿರಿಗೆ ಅದು ನಲವತ್ತರ ವಯಸ್ಸಿನೊಳಗೇ ತುಂಬಿಬಿಡುವ ಲೆಕ್ಕ.

ಈ 60ರ ಲೆಕ್ಕ ಸೌದೆ, ಬೆರಣಿಯ ಹೊಗೆಗೆ ಸಂಬಂಧಿಸಿದ್ದು, ಗ್ಯಾಸ್ ಒಲೆಗೆ ಅನ್ವಯಿಸುವುದಿಲ್ಲ. ಗ್ಯಾಸ್‌ಗೆ ಬದಲಾಗಿದ್ದರಿಂದ ಹೊಗೆ ಭಾರೀ ಪ್ರಮಾಣದಲ್ಲಿ ಇಳಿದಿದೆ. ಆದರೆ ಸೊನ್ನೆ ಆಗಿಲ್ಲ. ಗ್ಯಾಸ್‌ನ ನೀಲಿ ಜ್ವಾಲೆಯಿಂದ ನೈಟ್ರೋಜನ್ ಡೈಆಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಇದು ಆಸ್ತಮಾ ಇರುವ ಮಕ್ಕಳಿಗೆ, ವಯಸ್ಸಾದವರಿಗೆ ತೊಂದರೆ ಕೊಡಬಲ್ಲದು. ಇನ್ನು ಬಾಣಲೆಯಲ್ಲಿ ಎಣ್ಣೆ ಕಾದಾಗ ಪಿಎಂ 2.5 ಎಂಬ ಅತಿ ಸಣ್ಣ ಕಣಗಳು ಏಳುತ್ತವೆ. ಒಣಮೆಣಸಿನಕಾಯಿಯ ಒಗ್ಗರಣೆಗೆ ಮನೆಮಂದಿಯೆಲ್ಲ ಕೆಮ್ಮುವುದು ಮೆಣಸಿನ ಖಾರದ ಅಂಶ ಈ ಎಣ್ಣೆಹನಿಗಳ ಸವಾರಿ ಮಾಡಿ ಗಂಟಲಿಗೆ ಇಳಿಯುವುದರಿಂದ. ಹೆಚ್ಚು ಉರಿಯಲ್ಲಿ ಕರಿಯುವಾಗ ಏಳುವ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿಗೆ ಸೇರಿಸಿದೆ. ಹಾಗೆಂದು ಹಬ್ಬಕ್ಕೆ ವಡೆ ಕರಿದರೆ ಕ್ಯಾನ್ಸರ್ ಬರುತ್ತದೆ ಎಂದು ಅರ್ಥವಲ್ಲ. ದಿನವೂ, ವರ್ಷಗಟ್ಟಲೆ, ಗಾಳಿಯಾಡದ ಕಡೆ ನಿಂತು ಉಸಿರಾಡುವವರ ಮಾತು ಅದು.

ಹಳೇ ಮೈಸೂರಿನ ಹೆಂಚಿನ ಮನೆಗಳಲ್ಲಿ ಹೊಗೆ ಹೋಗಲು ಗವಾಕ್ಷಿ, ಬೆಳಕಿಂಡಿ ಇರುತ್ತಿದ್ದವು. ಹೆಂಚಿನ ಸಂದಿಯಲ್ಲೂ ಹೊಗೆ ನುಸುಳುತ್ತಿತ್ತು. ಇಂದಿನ 20×30 ಸೈಟಿನ ಮನೆಯಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಮೇಲೆ ಕಾಂಕ್ರೀಟ್, ಪಕ್ಕದಲ್ಲಿ ಇನ್ನೊಬ್ಬರ ಗೋಡೆ. ಅಲ್ಲಿ ಚಿಮಣಿ ಬರೀ ಅಲಂಕಾರವಲ್ಲ. ಆದರೆ ಅಳತೆ ತಪ್ಪಿದರೆ ಅದು ಬರೀ ಸದ್ದು ಮಾಡುವ ಅಲಂಕಾರವಾಗಿಬಿಡುತ್ತದೆ.

ಮೊದಲು ನೋಡಬೇಕಾದ್ದು ಅಗಲ

ಬಿಸಿ ಹೊಗೆ ಮೇಲೇರುವಾಗ ಹರಡಿಕೊಳ್ಳುತ್ತಾ ಹೋಗುತ್ತದೆ. ಚಿಮಣಿಯ ಕೆಲಸ ಆ ಹೊಗೆಯನ್ನು ಕೊಡೆಯಂತೆ ಹಿಡಿದು ಒಳಗೆಳೆದುಕೊಳ್ಳುವುದು. ಕೊಡೆ ಚಿಕ್ಕದಾದರೆ ಪಕ್ಕದಿಂದ ಹೊಗೆ ಜಾರಿಹೋಗುತ್ತದೆ. ಹಾಗೆ ಜಾರಿದ ಹೊಗೆಯನ್ನು ಎಷ್ಟು ಜೋರಾಗಿ ಎಳೆದರೂ ಹಿಂದಕ್ಕೆ ತರುವುದು ಕಷ್ಟ.

ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಅಗಲ 60, 75 ಮತ್ತು 90 ಸೆಂ.ಮೀ. ಎರಡು ಬರ್ನರ್‌ಗೆ 60, ಮೂರು–ನಾಲ್ಕಕ್ಕೆ 90 ಎಂದು ಹೇಳುವುದು ವಾಡಿಕೆ. ಬರ್ನರ್ ಎಣಿಸುವ ಬದಲು ಟೇಪು ಹಿಡಿದು ಒಲೆಯನ್ನೇ ಅಳೆಯಿರಿ. ಚಿಮಣಿ ಕನಿಷ್ಠ ಒಲೆಯಷ್ಟು ಅಗಲ ಇರಲೇಬೇಕು. ಎರಡೂ ಪಕ್ಕ ನಾಲ್ಕು ಬೆರಳಷ್ಟು ಹೆಚ್ಚಿದ್ದರೆ ಇನ್ನೂ ಒಳ್ಳೆಯದು. 75 ಸೆಂ.ಮೀ. ಒಲೆಯ ಮೇಲೆ 60ರ ಚಿಮಣಿ ಕೂರಿಸಿದರೆ ಎರಡೂ ಕಡೆ ಏಳೂವರೆ ಸೆಂ.ಮೀ. ಒಲೆ ಬಯಲಲ್ಲೇ ಉಳಿಯುತ್ತದೆ.

ಮುಂಚಾಚನ್ನೂ ನೋಡಿ. ಗೋಡೆಯಿಂದ ಮುಂದಿನ ಬರ್ನರ್‌ನ ನಡುವಿನವರೆಗೆ ಎಷ್ಟು ದೂರವಿದೆ, ಚಿಮಣಿ ಅಲ್ಲಿಯವರೆಗೆ ಬರುತ್ತದೆಯೇ? ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ 2012ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಮನೆಬಳಕೆಯ ಚಿಮಣಿಗಳು ಹೊಗೆ ಹಿಡಿಯುವ ಪ್ರಮಾಣ ಶೇ. 15ಕ್ಕಿಂತ ಕಡಿಮೆಯಿಂದ ಹಿಡಿದು ಶೇ. 98ಕ್ಕಿಂತ ಹೆಚ್ಚಿನವರೆಗೂ ಇತ್ತು. ಹಿಂದಿನ ಬರ್ನರ್‌ನ ಹೊಗೆ ಚೆನ್ನಾಗಿ ಸಿಗುತ್ತಿತ್ತು, ಮುಂದಿನದ್ದು ತಪ್ಪಿಸಿಕೊಳ್ಳುತ್ತಿತ್ತು. ಆದ್ದರಿಂದ ಕರಿಯುವುದು, ಒಗ್ಗರಣೆ ಹಿಂದಿನ ಬರ್ನರ್‌ನಲ್ಲಿ. ಅನ್ನ, ಹಾಲು ಮುಂದಿನದ್ದರಲ್ಲಿ. ಖರ್ಚಿಲ್ಲದ ಉಪಾಯ ಇದು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಕಾದ ಎಣ್ಣೆ ಕೈಗೆಟುಕದಂತೆಯೂ ಆಗುತ್ತದೆ.

ಎರಡನೆಯದು ಎತ್ತರ

ಗ್ಯಾಸ್ ಒಲೆಯಿಂದ ಚಿಮಣಿಯ ಕೆಳ ಅಂಚಿಗೆ ಸುಮಾರು 65ರಿಂದ 75 ಸೆಂ.ಮೀ. ಅಂತರ ಸಾಮಾನ್ಯ. ನಿಮ್ಮ ಮಾಡೆಲ್‌ನ ಕೈಪಿಡಿಯಲ್ಲಿ ಬರೆದ ಅಂತರವೇ ಅಂತಿಮ. ತೀರಾ ಕೆಳಗಿದ್ದರೆ ಜಿಡ್ಡಿನ ಫಿಲ್ಟರ್‌ಗೆ ಬೆಂಕಿ ತಗಲುವ ಭಯ, ತಲೆಯೂ ತಾಗುತ್ತದೆ. ತೀರಾ ಮೇಲಿದ್ದರೆ ಹೊಗೆ ಅಷ್ಟರಲ್ಲಿ ಹರಡಿ ಕೊಡೆಯ ಹೊರಗೆ ಹೋಗಿರುತ್ತದೆ. ನೋಡಲು ಚೆನ್ನಾಗಿರಲಿ ಎಂದು ಕಬೋರ್ಡಿನ ಸಾಲಿಗೆ ಸರಿಯಾಗಿ ಮೇಲೇರಿಸಿ ಕೂರಿಸುವುದು ಇಂಥ ತಪ್ಪು. ಆಗ 1500ರ ಮೋಟಾರೂ ಸಹಾಯಕ್ಕೆ ಬರುವುದಿಲ್ಲ.

ಈಗ 1200ರ ಲೆಕ್ಕ

ಪೆಟ್ಟಿಗೆಯ ಮೇಲಿನ 1200 ಎಂದರೆ ಗಂಟೆಗೆ 1200 ಘನ ಮೀಟರ್ ಗಾಳಿ. ಅಡುಗೆಮನೆಯ ಗಾಳಿ ಗಂಟೆಗೆ 10ರಿಂದ 15 ಬಾರಿ ಬದಲಾದರೆ ಸಾಕು ಎಂಬುದು ಬಳಕೆಯಲ್ಲಿರುವ ಸೂತ್ರ. ಉದ್ದ, ಅಗಲ, ಎತ್ತರ ತಲಾ 10 ಅಡಿ ಇರುವ ಕೋಣೆ ಎಂದರೆ 1000 ಘನ ಅಡಿ, ಅಂದರೆ ಸುಮಾರು 28 ಘನ ಮೀಟರ್. ಹದಿನೈದರಿಂದ ಗುಣಿಸಿದರೂ ಬರುವುದು ಸುಮಾರು 425. ಇನ್ನು 8×7 ಅಡಿಯ ಕೋಣೆಗೆ 240 ಕೂಡ ದಾಟುವುದಿಲ್ಲ.

ಕೋಣೆಯ ಲೆಕ್ಕಕ್ಕಿಂತ ಒಲೆಯ ಲೆಕ್ಕ ಇನ್ನೂ ಉತ್ತಮ. ಹಾಲ್‌ಗೆ ತೆರೆದುಕೊಂಡ ಓಪನ್ ಕಿಚನ್‌ನಲ್ಲಂತೂ ಇದೇ ದಾರಿ. ಅಮೆರಿಕದ ಹೋಮ್ ವೆಂಟಿಲೇಟಿಂಗ್ ಇನ್‌ಸ್ಟಿಟ್ಯೂಟ್ ಗೋಡೆಗೆ ಕೂರಿಸುವ ಚಿಮಣಿಗೆ ಒಲೆಯ ಪ್ರತಿ ಅಡಿ ಅಗಲಕ್ಕೆ ನಿಮಿಷಕ್ಕೆ 100 ಘನ ಅಡಿ, ಅಂದರೆ ಗಂಟೆಗೆ 170 ಘನ ಮೀಟರ್ ಗಾಳಿ ಸೂಚಿಸುತ್ತದೆ. ಎರಡು ಅಡಿಯ ಒಲೆಗೆ 340, ಮೂರು ಅಡಿಗೆ 510.

ಹಾಗಿದ್ದರೆ 340ರ ಚಿಮಣಿ ಸಾಕೇ? ಸಾಲದು. ಪೆಟ್ಟಿಗೆಯ ಅಂಕಿ ಗರಿಷ್ಠ ವೇಗದ್ದು. ಪೈಪು, ತಿರುವು, ಜಿಡ್ಡು ಸೇರಿ ಅದನ್ನು ತಿಂದುಹಾಕುತ್ತವೆ. ಅರ್ಧದಷ್ಟೇ ನಿಮಗೆ ಸಿಕ್ಕಿತು ಎಂದುಕೊಂಡರೂ 60 ಸೆಂ.ಮೀ.ಗೆ 800, 90 ಸೆಂ.ಮೀ.ಗೆ 1000–1200 ಇದ್ದರೆ ಒಗ್ಗರಣೆಯ ಮನೆಗೂ ನಡೆಯುತ್ತದೆ. ಅದಕ್ಕಿಂತ ದೊಡ್ಡ ಅಂಕಿಗೆ ಹೆಚ್ಚು ಹಣ ಕೊಡುವ ಮೊದಲು ಕೆಳಗಿನ ಎರಡು ವಿಷಯ ಸರಿಯಾಗಿದೆಯೇ ನೋಡಿ. ಸದ್ದನ್ನೂ ಅಂಗಡಿಯಲ್ಲೇ ಕೇಳಿನೋಡಿ. ಸದ್ದು ತಾಳಲಾರದೆ ಆಫ್ ಮಾಡಿಟ್ಟ ಚಿಮಣಿಯ ಸಕ್ಷನ್ ಸೊನ್ನೆ.

ಪೈಪಿನಲ್ಲಿದೆ ಗುಟ್ಟು

ಆರು ಇಂಚಿನ ಪೈಪಿನಲ್ಲಿ ಗಂಟೆಗೆ 1200 ಘನ ಮೀಟರ್ ಗಾಳಿ ಹೋಗಬೇಕಾದರೆ ಅದು ಸುಮಾರು 66 ಕಿ.ಮೀ. ವೇಗದಲ್ಲಿ ಓಡಬೇಕು. ಮೈಸೂರು–ಬೆಂಗಳೂರು ರಸ್ತೆಯಲ್ಲಿ ಬಸ್ಸು ಓಡಿದಂತೆ! ಗೋಡೆಯಲ್ಲಿ ಹಳೇ ತೂತು ಇದೆ ಎಂದು ನಾಲ್ಕು ಇಂಚಿನ ಪೈಪು ಹಾಕಿದರೆ ಗಾಳಿಗೆ ಸಿಗುವ ದಾರಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಹಣ ಕೊಟ್ಟದ್ದು 1200ಕ್ಕೆ, ಕೆಲಸ ಮಾಡುವುದು ಅದರ ಒಂದು ಪಾಲಿಗೆ.

ಆದ್ದರಿಂದ ಕಂಪನಿ ಹೇಳಿದ ಅಳತೆಯ ಪೈಪನ್ನೇ ಹಾಕಿಸಿ, ಕಿರಿದು ಮಾಡಬೇಡಿ. ದಾರಿ ಆದಷ್ಟು ಗಿಡ್ಡವಿರಲಿ, ತಿರುವು ಒಂದೆರಡಕ್ಕೆ ಮುಗಿಯಲಿ. ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಪೈಪಾದರೆ ಪೂರ್ತಿ ಎಳೆದು ಕೂರಿಸಬೇಕು. ಸುಕ್ಕಿನಲ್ಲಿ ಗಾಳಿಯೂ ತಡೆಯುತ್ತದೆ, ಜಿಡ್ಡೂ ನಿಲ್ಲುತ್ತದೆ. ಪೈಪಿನ ಬಾಯಿ ಮನೆಯ ಹೊರಗೇ ತೆರೆಯಬೇಕು, ಅಟ್ಟದಲ್ಲಿ ಅಥವಾ ಯುಟಿಲಿಟಿಯ ಮುಚ್ಚಿದ ಜಾಗದಲ್ಲಿ ಅಲ್ಲ. ಮಳೆನೀರು, ಪಾರಿವಾಳ ಒಳಬರದಂತೆ ಬಾಯಿಗೆ ಮುಚ್ಚಳವಿರಲಿ. ಅಪಾರ್ಟ್‌ಮೆಂಟ್ ಆದರೆ ಹೊಗೆ ಪಕ್ಕದವರ ಕಿಟಕಿಗೆ ನುಗ್ಗದಂತೆ ನೋಡಿಕೊಳ್ಳಿ.

ಪೈಪೇ ಇಲ್ಲದ ಚಿಮಣಿಗಳೂ ಬರುತ್ತವೆ. ಇವು ಗಾಳಿಯನ್ನು ಇದ್ದಿಲಿನ ಫಿಲ್ಟರ್ ಮೂಲಕ ಹಾಯಿಸಿ ಮತ್ತೆ ಅಡುಗೆಮನೆಗೇ ಬಿಡುತ್ತವೆ. ಜಿಡ್ಡು, ವಾಸನೆ ಒಂದಿಷ್ಟು ಕಡಿಮೆಯಾಗುತ್ತದೆ. ಶಾಖ, ಹಬೆ ಮತ್ತು ಜ್ವಾಲೆಯಿಂದ ಹುಟ್ಟಿದ ಅನಿಲಗಳು ಬಹುತೇಕ ಒಳಗೇ ಉಳಿಯುತ್ತವೆ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಮಾಲೀಕರು ಒಪ್ಪದಿದ್ದರೆ, ಇದಕ್ಕೆ ಹಣ ಸುರಿಯುವ ಬದಲು ವೆಂಟಿಲೇಟರ್‌ನಲ್ಲಿ ಒಂದು ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಕೂರಿಸುವುದು ಮೇಲು.

ಕಿಟಕಿ ಮುಚ್ಚಬಹುದೇ?

ಮುಚ್ಚಬಾರದು. ಹೊರಹೋದಷ್ಟು ಗಾಳಿ ಒಳಗೆ ಬರಲೇಬೇಕು. ಬಾಗಿಲು, ಕಿಟಕಿ ಎಲ್ಲ ಬಿಗಿಯಾಗಿ ಮುಚ್ಚಿದರೆ ಮೋಟಾರು ಕಿರುಚುತ್ತದೆಯೇ ಹೊರತು ಗಾಳಿ ಹರಿಯುವುದಿಲ್ಲ. ಒಲೆಯಿಂದ ದೂರದ ಕಿಟಕಿಯನ್ನು ಸ್ವಲ್ಪ ತೆರೆದಿಡಿ. ಒಲೆಯ ಪಕ್ಕದ ಕಿಟಕಿಯಿಂದ ಜೋರುಗಾಳಿ ಬೀಸಿದರೆ ಹೊಗೆ ಚಿಮಣಿಗೆ ಸಿಗದೆ ಚದುರುತ್ತದೆ. ಒಲೆ ಹಚ್ಚುವ ಒಂದೆರಡು ನಿಮಿಷ ಮೊದಲೇ ಚಿಮಣಿ ಹಾಕಿ, ಅಡುಗೆ ಮುಗಿದ ಮೇಲೂ ಹತ್ತು ನಿಮಿಷ ಓಡಲಿ. ಕರೆಂಟ್ ಬಿಲ್ಲಿನ ಚಿಂತೆ ಬೇಡ: 200 ವಾಟ್‌ನ ಮೋಟಾರು ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 6 ಯೂನಿಟ್.

ಗ್ಯಾಸ್ ಸೋರಿದಾಗ ಚಿಮಣಿ ಹಾಕಬೇಡಿ

ಇದನ್ನು ಮನೆಯ ಎಲ್ಲರಿಗೂ ಓದಿ ಹೇಳಿ. ಸಿಲಿಂಡರ್‌ನ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡುತ್ತದೆ. ಒಲೆಯ ಮೇಲೆ ನೇತಾಡುವ ಚಿಮಣಿಗೆ ಅದು ಸಿಗುವುದಿಲ್ಲ. ಸ್ವಿಚ್ ಒತ್ತಿದಾಗ ಹಾರುವ ಕಿಡಿಯೊಂದೇ ಸ್ಫೋಟಕ್ಕೆ ಸಾಕು. ಕೊಳವೆ ಗ್ಯಾಸ್ ಗಾಳಿಗಿಂತ ಹಗುರವಾದರೂ ಅಲ್ಲಿಯೂ ನಿಯಮ ಇದೇ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂಬೇಡಿ. ರೆಗ್ಯುಲೇಟರ್ ಅಥವಾ ವಾಲ್ವ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಹೊರಗೆ ಬಂದ ಮೇಲೆ ಕರೆ ಮಾಡಿ. ಎಲ್‌ಪಿಜಿ ತುರ್ತು ಸಂಖ್ಯೆ 1906.

ಬಾಣಲೆಯ ಎಣ್ಣೆಗೇ ಬೆಂಕಿ ಹೊತ್ತಿಕೊಂಡರೆ ಒಲೆ ಆರಿಸಿ, ಚಿಮಣಿಯನ್ನೂ ಆರಿಸಿ; ಅದು ಜ್ವಾಲೆಯನ್ನು ಪೈಪಿಗೆ ಎಳೆಯುತ್ತದೆ. ಬಾಣಲೆಗೆ ಮುಚ್ಚಳ ಮುಚ್ಚಿ. ನೀರು ಸುರಿಯಲೇಬೇಡಿ.

‘ಆಟೋ ಕ್ಲೀನ್’ ಎಂದರೆ ತೊಳೆಯುವುದೇ ಬೇಡವೇ?

ಬೇಕು. ಒಳಗಿನ ಹೀಟರ್ ಜಿಡ್ಡನ್ನು ಕರಗಿಸಿ ಒಂದು ತಟ್ಟೆಗೆ ಇಳಿಸುತ್ತದೆ, ಅಷ್ಟೇ. ಆ ತಟ್ಟೆ ಖಾಲಿ ಮಾಡುವುದು ನಿಮ್ಮ ಕೆಲಸ. ಫಿಲ್ಟರ್ ಇರುವ ಮಾಡೆಲ್ ಆದರೆ ತಿಂಗಳಿಗೊಮ್ಮೆಯಾದರೂ, ಕರಿಯುವುದು ಹೆಚ್ಚಿದ್ದರೆ ಹದಿನೈದು ದಿನಕ್ಕೊಮ್ಮೆ ಬಿಸಿನೀರು, ಸೋಪಿನಲ್ಲಿ ತೊಳೆಯಿರಿ. ಜಿಡ್ಡು ಗಾಳಿಯ ದಾರಿಯನ್ನೂ ಕಟ್ಟುತ್ತದೆ, ಬೆಂಕಿಗೂ ಆಹಾರವಾಗುತ್ತದೆ.

ಊದುಬತ್ತಿ ಪರೀಕ್ಷೆ

ಚಿಮಣಿ ಕೂರಿಸಿದವರು ಹೊರಡುವ ಮೊದಲೇ ಇದನ್ನು ಮಾಡಿ. ಮೈಸೂರಿನ ಮನೆಯಲ್ಲಿ ಊದುಬತ್ತಿಗೆ ಬರವೇ? ಒಲೆ ಆರಿಸಿ, ಚಿಮಣಿಯನ್ನು ಮಧ್ಯಮ ವೇಗಕ್ಕಿಡಿ. ಹಚ್ಚಿದ ಊದುಬತ್ತಿಯನ್ನು ಒಂದೊಂದೇ ಬರ್ನರ್ ಮೇಲೆ ಪಾತ್ರೆಯ ಎತ್ತರಕ್ಕೆ ಹಿಡಿಯಿರಿ. ಹೊಗೆಯ ಎಳೆ ಚಿಮಣಿಯತ್ತ ಬಾಗಿ ಒಳಹೋದರೆ ಸರಿ. ಮುಂದಿನ ಬರ್ನರ್‌ನಲ್ಲಿ ಅದು ನಿಮ್ಮ ಮುಖದತ್ತ ತಿರುಗಿದರೆ ಎತ್ತರ, ಮುಂಚಾಚು ಅಥವಾ ಪೈಪಿನಲ್ಲಿ ಏನೋ ತಪ್ಪಿದೆ. ಬಳಿಕ ಅದೇ ಬರ್ನರ್‌ನಲ್ಲಿ ನೀರು ಕುದಿಸಿ ಹಬೆ ಎಲ್ಲಿ ಹೋಗುತ್ತದೆ ನೋಡಿ. ಕಿಟಕಿ ಮುಚ್ಚಿ ಒಮ್ಮೆ, ತೆರೆದು ಒಮ್ಮೆ ಮಾಡಿದರೆ ವ್ಯತ್ಯಾಸ ಕಣ್ಣಿಗೇ ಕಾಣಬಹುದು. ಆರು ತಿಂಗಳ ನಂತರ ಇದೇ ಪರೀಕ್ಷೆ ಮಾಡಿ ಹೊಗೆ ಮೊದಲಿನಂತೆ ಹೋಗದಿದ್ದರೆ ಫಿಲ್ಟರ್ ಮತ್ತು ಪೈಪು ತೊಳೆಸುವ ಸಮಯ ಬಂದಿದೆ ಎಂದರ್ಥ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

1. ಚಿಮಣಿ ಒಲೆಗಿಂತ ಚಿಕ್ಕದಿರಬಾರದು. ಬರ್ನರ್ ಎಣಿಸಬೇಡಿ, ಟೇಪಿನಿಂದ ಅಳೆಯಿರಿ.
2. ಒಲೆಯಿಂದ ಎತ್ತರ ಕೈಪಿಡಿಯಲ್ಲಿ ಹೇಳಿದಷ್ಟೇ ಇರಲಿ; ಸಾಮಾನ್ಯವಾಗಿ 65–75 ಸೆಂ.ಮೀ.
3. ಪೈಪು ಕಿರಿದಾದರೆ 1200, 1500 ಎಂಬ ಅಂಕಿಗೆ ಬೆಲೆಯಿಲ್ಲ.
4. ಚಿಮಣಿ ಓಡುವಾಗ ಒಂದು ಕಿಟಕಿ ಸ್ವಲ್ಪ ತೆರೆದಿರಲಿ.
5. ಕರಿಯುವುದು, ಒಗ್ಗರಣೆ ಹಿಂದಿನ ಬರ್ನರ್‌ನಲ್ಲಿ.
6. ಗ್ಯಾಸ್ ವಾಸನೆ ಬಂದರೆ ಚಿಮಣಿ ಸೇರಿದಂತೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹೊರಗೆ ಹೋಗಿ 1906ಕ್ಕೆ ಕರೆ ಮಾಡಿ.