ಒಂದೇ ನೀಲಿ ಬಟ್ಟೆ, ಅದರ ಹಿಂದಿನ ಸಾಲ

ಇವತ್ತು ನೈಜೀರಿಯಾಗೆ ಹೋಗೋಣ, ಯೊರುಬಾ ಜನರ ಊರು ಅಬೆಯೊಕುಟಾಗೆ. ಮದುವೆ, ನಾಮಕರಣ, ಹಿರಿಯರ ಅಂತ್ಯಕ್ರಿಯೆ, ಏನೇ ಇರಲಿ, ಯೊರುಬಾ ಮನೆಯವರು, ಆಪ್ತರು ಎಲ್ಲ ಒಂದೇ ಬಟ್ಟೆ ತೊಡ್ತಾರೆ. ಅದಕ್ಕೆ 'ಅಶೊ ಎಬಿ' ಅಂತಾರೆ. ಅಶೊ ಅಂದ್ರೆ ಬಟ್ಟೆ, ಎಬಿ ಅಂದ್ರೆ ಕುಟುಂಬ. ಗಿಫ್ಟ್ ಅಂದ್ಕೋಬೇಡಿ! ಆರಿಸೋದು ಮನೆಯವರು, ದುಡ್ಡು ಕೊಡೋದು ಸಾಮಾನ್ಯವಾಗಿ ತೊಡೋರೇ. ನಾನು ಬಿಕಾಂ ಓದಿದವಳು, ಕಣ್ಣು ಮೊದಲು ಹೋಗಿದ್ದೇ ಅಲ್ಲಿಗೆ.

ಬಟ್ಟೆ ಲೇಸ್ ಆಗಬಹುದು, ಮಿಲ್ ಪ್ರಿಂಟ್ ಆಗಬಹುದು. ನನಗಿಷ್ಟ ಅಡಿರೆ, ಅಂದ್ರೆ ಕಟ್ಟಿ ಬಣ್ಣ ಹಾಕಿದ್ದು. ಬಟ್ಟೆಯನ್ನು ರಾಫಿಯಾ ನಾರಿನಿಂದ ಬಿಗಿಯಾಗಿ ಕಟ್ಟುತ್ತಾರೆ, ಇಲ್ಲವೇ ಕೋಳಿ ಪುಕ್ಕ ಹಿಡಿದು ಮರಗೆಣಸಿನ ಗಂಜಿಯಲ್ಲಿ ಚಿತ್ತಾರ ಬರೆಯುತ್ತಾರೆ. ಗಂಜಿ ಇದ್ದಲ್ಲಿ ಬಣ್ಣ ಅಷ್ಟಾಗಿ ಹಿಡಿಯಲ್ಲ. ಆಮೇಲೆ ನೀಲಿಯ ಮಡಕೆಗೆ ಅದ್ದೋದು, ಗಾಳಿಗೆ ಹಿಡಿಯೋದು, ಮತ್ತೆ ಅದ್ದೋದು. ಮಡಕೆಯಿಂದ ಹಸಿರಾಗಿ ಎದ್ದ ಬಟ್ಟೆ ಗಾಳಿ ತಾಗಿದ ಮೇಲೆ ನೀಲಿಗೆ ತಿರುಗುತ್ತೆ.

ಮಜಾ ಏನಂದ್ರೆ, ಈ 'ಸಾಂಪ್ರದಾಯಿಕ' ಬಟ್ಟೆಗೆ ಬೇಕಾದ ಬಿಳಿ ತಾನು ಇಂಗ್ಲೆಂಡಿನ ಗಿರಣಿಗಳಿಂದ ಬರ್ತಿತ್ತು. 1920ರ ದಶಕದಲ್ಲಿ ಅಬೆಯೊಕುಟಾದ ಹೆಂಗಸರು ಯುರೋಪಿನ ಕಂಪನಿಗಳಿಂದ ಅದನ್ನು ಸಾಲಕ್ಕೆ ತಂದು, ಬಣ್ಣ ಹಾಕಿ, ಪಶ್ಚಿಮ ಆಫ್ರಿಕಾದ ಬೇರೆ ಕಡೆಗೂ ಮಾರಿದರು. ಆಮೇಲೆ ಆರ್ಥಿಕ ಮಹಾಕುಸಿತ. ಗಿರಾಕಿ ಕಮ್ಮಿ, ಸಾಲ ಹಾಗೇ. ಸಮಯ, ಖರ್ಚು ಉಳಿಸೋಕೆ ಬೂದಿನೀರಿನ ಬದಲು ಕಾಸ್ಟಿಕ್ ಸೋಡಾ, ಎಲೆಯ ನೀಲಿ ಬದಲು ಕಾರ್ಖಾನೆಯ ನೀಲಿ ಬಂದಿದ್ದವು. ಬಟ್ಟೆ ಕೆಡುತ್ತೆ ಅಂತ ದೂರೂ ಎದ್ದಿತ್ತು. ಅಲ್ಲಿನ ರಾಜ, ಅಂದ್ರೆ ಅಲಾಕೆ, ಎರಡನೇ ಅಡೆಮೊಲಾ ಅವೆರಡನ್ನೂ ನಿಷೇಧಿಸಿದ.

ಗುಣಮಟ್ಟ ಕಾಪಾಡಿದ್ರೆ ತಪ್ಪೇನು ಅನ್ನಬಹುದು. ಆದ್ರೆ ಸಾಲ ಇದ್ದದ್ದು ಯಾರ ತಲೆ ಮೇಲೆ? ಬಣ್ಣ ಹಾಕೋ ಹೆಂಗಸರು ಸುಮ್ಮನೆ ಕೂರಲಿಲ್ಲ, ರಾಜನಿಗೇ ಎದುರು ನಿಂತರು. 1936ರಲ್ಲಿ ಅಡಿರೆ ಬಗ್ಗೆ ವಿಚಾರಣಾ ಆಯೋಗವೇ ಕೂತಿತು. ಒಂದು ಬಣ್ಣದ ಮಡಕೆಗೆ ಆಯೋಗ! ಮುಂದೆ ಇದೇ ಊರಿನ ಹೆಂಗಸರು ಫುನ್ಮಿಲಾಯೊ ರಾನ್ಸಮ್-ಕುಟಿ ನೇತೃತ್ವದಲ್ಲಿ ತೆರಿಗೆ ವಿರುದ್ಧ ಬೀದಿಗಿಳಿದಾಗ, 1949ರಲ್ಲಿ ಅದೇ ಅಡೆಮೊಲಾ ಗದ್ದುಗೆ ಬಿಟ್ಟು ಹೋಗಬೇಕಾಯ್ತು. ಮರುವರ್ಷ ವಾಪಸ್ ಬಂದ, ಅದು ಬೇರೆ ಕಥೆ.

ಈಗ ಅಬೆಯೊಕುಟಾದ ಇಟೋಕು ಮಾರ್ಕೆಟ್‌ಗೆ ಹೊಸ ತಲೆನೋವು, ಹೊರದೇಶದಿಂದ ಬರೋ ಅಡಿರೆ ಪ್ರಿಂಟ್. ಅಗ್ಗ, ಐವತ್ತು ಜನಕ್ಕೂ ಥೇಟ್ ಒಂದೇ ಥರ. ಅಶೊ ಎಬಿಗೆ ಬೇಕಾಗಿರೋದೂ ಅದೇ ತಾನೇ? ಕೈಯಲ್ಲಿ ಅದ್ದಿದ ಐವತ್ತು ತುಂಡಲ್ಲಿ ನೀಲಿ ಸ್ವಲ್ಪ ಹೆಚ್ಚುಕಮ್ಮಿ ಆಗೇ ಆಗುತ್ತೆ. ಯೊರುಬಾ ಮದುವೆ ಫೋಟೋ ಸಿಕ್ಕಿದ್ರೆ ಝೂಮ್ ಮಾಡಿ ನೋಡಿ.