ಹಾಸಿಗೆಯ ಬಟ್ಟೆ ಹಳತಾಗುವುದೆಂದರೆ

ಜೀರ್ಣವಾದ ಬಟ್ಟೆಯನ್ನು ಬಿಟ್ಟು ಹೊಸತನ್ನು ಉಡುವ ಮನುಷ್ಯನ ಉಪಮೆ ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಬರುತ್ತದೆ. ಉಪಮೆಯ ಕೆಲಸವೆಂದರೆ ತಿಳಿದ ಸಂಗತಿಯಿಂದ ತಿಳಿಯದ ಸಂಗತಿಗೆ ನಮ್ಮನ್ನು ಕರೆದೊಯ್ಯುವುದು. ಆತ್ಮದ ವಿಷಯ ತಿಳಿಯದಿದ್ದರೂ ಬಟ್ಟೆ ಯಾವಾಗ ಜೀರ್ಣವಾಯಿತೆಂಬುದು ಎಲ್ಲರಿಗೂ ತಿಳಿದೇ ಇದೆಯೆಂಬ ನಂಬಿಕೆ ಅಲ್ಲಿದೆ. ನಿಜವಾಗಿ ತಿಳಿದಿದೆಯೆ? ಉಡುವ ಬಟ್ಟೆಯ ಮಾತು ಹಾಗಿರಲಿ. ಅದು ನಾಲ್ಕು ಜನರ ಕಣ್ಣಿಗೆ ಬೀಳುವಂಥದು, ಅಲ್ಲಿ ನಾಚಿಕೆಯೇ ತೀರ್ಪು ಕೊಡುತ್ತದೆ. ಹಾಸುವ, ಹೊದೆಯುವ ಬಟ್ಟೆ ಹಾಗಲ್ಲ. ಅದು ಒಳಮನೆಯ ವಸ್ತು. ಅದನ್ನು ಇನ್ನೂ ಇಟ್ಟುಕೊಳ್ಳಬೇಕೋ ಬದಲಾಯಿಸಬೇಕೋ ಎಂಬುದನ್ನು ಮನೆಯವರೇ ನಿರ್ಣಯಿಸಬೇಕು. ಈ ನಿರ್ಣಯಕ್ಕೂ ಒಂದು ಚರಿತ್ರೆ ಉಂಟು.

ಮೊದಲು ಶಬ್ದವನ್ನೇ ನೋಡೋಣ. ಸಂಸ್ಕೃತದ 'ಜೀರ್ಣ' ಎಂದರೆ ಹಳತಾದದ್ದು, ಸವೆದದ್ದು. ಕನ್ನಡದ ಬಳಕೆಯಲ್ಲಿ ಉಂಡ ಅನ್ನವೂ ಜೀರ್ಣವಾಗುತ್ತದೆ. ಬಿದ್ದ ಗುಡಿಗೆ ಜೀರ್ಣೋದ್ಧಾರವಾಗುತ್ತದೆ. ಸವೆಯುವುದು, ಅರಗಿ ಮೈಗೆ ಹತ್ತುವುದು, ಮತ್ತೆ ಎತ್ತಿ ನಿಲ್ಲಿಸುವುದು—ಈ ಮೂರೂ ಒಂದೇ ಶಬ್ದದ ಸುತ್ತ ಸೇರಿಕೊಂಡಿವೆ. ಹಿಂದಿನವರ ಮನೆಗಳಲ್ಲಿ ಹಳೆಯ ಬಟ್ಟೆಗೆ ಒದಗುತ್ತಿದ್ದುದೂ ಈ ಮೂರು ಗತಿಗಳೇ.

ಬೌದ್ಧರ ವಿನಯಪಿಟಕದ ಚುಲ್ಲವಗ್ಗದಲ್ಲಿ ಇದಕ್ಕೆ ಸೊಗಸಾದ ಸಾಕ್ಷ್ಯವೊಂದಿದೆ. ಕೌಶಾಂಬಿಯ ಉದಯನ—ಭಾಸನ ನಾಟಕದ ಮೂಲಕ ನಮಗೆಲ್ಲ ಪರಿಚಿತನಾದ ವತ್ಸರಾಜ—ತನ್ನ ಅಂತಃಪುರದ ಸ್ತ್ರೀಯರು ಆನಂದನಿಗೆ ಐನೂರು ಬಟ್ಟೆಗಳನ್ನು ದಾನ ಮಾಡಿದ್ದನ್ನು ಕೇಳಿ ಅಸಮಾಧಾನಗೊಂಡ. ಸನ್ಯಾಸಿಗೆ ಇಷ್ಟೊಂದು ಬಟ್ಟೆ ಏಕೆ, ಇವನೇನು ಅಂಗಡಿ ತೆರೆಯುವನೆ ಎಂಬುದು ಅವನ ಸಂಶಯ. ಆನಂದನ ಉತ್ತರ ಶಾಂತವಾಗಿದೆ. ಚೀವರ ಹಳತಾದ ಭಿಕ್ಷುಗಳಿಗೆ ಇವನ್ನು ಹಂಚುತ್ತೇವೆ, ಅವರ ಹಳೆಯ ಚೀವರ ಹಾಸಿಗೆಯ ಮೇಲುಹಾಸಾಗುತ್ತದೆ, ಹಳೆಯ ಮೇಲುಹಾಸು ಮೆತ್ತೆಯ ಗವಸಾಗುತ್ತದೆ, ಹಳೆಯ ಗವಸು ನೆಲಹಾಸು, ನೆಲಹಾಸು ಕಾಲೊರಸು, ಕಾಲೊರಸು ಧೂಳು ಒರೆಸುವ ಚಿಂದಿ, ಕೊನೆಗೆ ಆ ಚಿಂದಿಯನ್ನು ಕತ್ತರಿಸಿ ಮಣ್ಣಿನಲ್ಲಿ ಕಲಸಿ ನೆಲ ಮೆತ್ತುತ್ತೇವೆ. ರಾಜ ಸಂತುಷ್ಟನಾಗಿ ಮತ್ತೆ ಐನೂರು ಬಟ್ಟೆ ಕೊಟ್ಟನಂತೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. 'ಹಳತಾಯಿತು' ಎಂಬುದು ಬಟ್ಟೆಯ ಮರಣವಾರ್ತೆಯಲ್ಲ, ವರ್ಗಾವಣೆಯ ಆಜ್ಞೆ. ಮುಂದಿನ ಕೆಲಸ ಸಿದ್ಧವಾಗಿ ಕಾದಿರುವುದರಿಂದಲೇ ಈಗಿನ ಕೆಲಸದಿಂದ ಅದನ್ನು ಬಿಡಿಸಲು ಯಾರಿಗೂ ಸಂಕಟವಾಗುವುದಿಲ್ಲ.

ನಮ್ಮ ಉತ್ತರ ಕರ್ನಾಟಕದ ಕೌದಿಯ ಹಿಂದಿರುವುದೂ ಈ ತಿಳಿವಳಿಕೆಯೇ. ಸಂಸ್ಕೃತದಲ್ಲಿ ಹರಕುಗಳನ್ನು ಕೂಡಿಸಿ ಹೊಲಿದ ಹೊದಿಕೆಗೆ 'ಕಂಥಾ' ಎಂದು ಹೆಸರು. ಭರ್ತೃಹರಿಯ ವೈರಾಗ್ಯಶತಕದಲ್ಲಿ ಅದು ವಿರಕ್ತನ ಸೊತ್ತಾಗಿ ಬರುತ್ತದೆ. ಬಂಗಾಳದಲ್ಲಿ ಅದೇ ಹೆಸರಿನ ಕಸೂತಿ ಪ್ರಸಿದ್ಧವಾಗಿದೆ. ಕನ್ನಡದಲ್ಲಿ 'ಕಂತೆ'ಯಾಗಿ ಉಳಿದಿದೆ. ವಿರಕ್ತನ ಹೆಗಲ ಮೇಲಿದ್ದ ವಸ್ತು ಗೃಹಸ್ಥನ ಮಂಚಕ್ಕೂ ಬಂದಿತು.

ಧಾರವಾಡದ ಕಡೆಯ ನಮ್ಮ ಮನೆಯಲ್ಲಿ ಈ ವಿಷಯದ ನ್ಯಾಯಾಧೀಶರು ನಮ್ಮ ಅಜ್ಜಿ. ಒಗೆದು ಒಣಗಿಸಿದ ದುಪ್ಪಟಿಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬಟ್ಟೆ ಸಮನಾಗಿ ಸವೆಯುವುದಿಲ್ಲ. ಮೈಭಾರ ಬೀಳುವ ನಡುಭಾಗ ಮೊದಲು ತೆಳ್ಳಗಾಗುತ್ತದೆ, ಅಂಚು ಗಟ್ಟಿಯಾಗಿಯೇ ಇರುತ್ತದೆ. ನಡುವೆ ಬೆಳಕು ಜರಡಿಯಂತೆ ಇಳಿದರೆ ಎರಡು ಹೆಬ್ಬೆರಳುಗಳಿಂದ ಮೆಲ್ಲಗೆ ಎಳೆಯುವರು. ಎಳೆ ಸರಿದು ಹಾಗೆಯೇ ನಿಂತರೆ 'ಪಿಸಿದೈತಿ, ಕೌದಿಗೆ ಇಡ್ರಿ' ಎಂದು ತೀರ್ಪು. ಪೂರ್ತಿ ಹರಿಯುವ ತನಕ ಕಾದರೆ ಕೌದಿಗೂ ಬಾರದೆಂಬುದು ಅವರ ಲೆಕ್ಕ. ಜಿಪುಣತನಕ್ಕೂ ಮಿತವ್ಯಯಕ್ಕೂ ಇರುವ ವ್ಯತ್ಯಾಸವನ್ನು ನಾನು ಯಾವ ಅರ್ಥಶಾಸ್ತ್ರದ ಗ್ರಂಥದಲ್ಲಿಯೂ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ.

ಕೌದಿಯ ಒಳಪದರಗಳು ಹಳೆಯ ಸೀರೆ ಧೋತರಗಳು. ಮೇಲೆ ಬಣ್ಣಬಣ್ಣದ ತುಂಡುಗಳು. ಎಲ್ಲವನ್ನೂ ಹಿಡಿದು ನಿಲ್ಲಿಸುವುದು ಸಾಲು ಸಾಲಾಗಿ ಓಡುವ ದಪ್ಪ ದಾರದ ಹೊಲಿಗೆ. ಅದೂ ಸವೆದಾಗ ಹೊಸ ಮೇಲುಬಟ್ಟೆ ಹೊದಿಸಿ ಹೊಲಿಯುತ್ತಾರೆ. ಹಳೆಯ ಕೌದಿ ಹೊಸ ಕೌದಿಯ ಹೊಟ್ಟೆಯೊಳಗೆ ಸೇರುತ್ತದೆ. ಎಳೆಗೂಸಿಗೆ ಹೊಸ ಬಟ್ಟೆ ಒರಟು. ನೂರು ಸಲ ಒಗೆದ ಹತ್ತಿಯೇ ಹಿತ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಮಹಿಳೆಯರು ಇದನ್ನು 'ಕವಂದಿ' ಎನ್ನುತ್ತಾರೆ. ಅವರು ಅಂಚಿನಿಂದ ತೊಡಗಿ ನಡುವಿನ ಕಡೆಗೆ ಹೊಲಿಯುತ್ತ ಹೋಗುತ್ತಾರೆ. ಮೂಲೆಗಳಲ್ಲಿ ಮಡಿಸಿದ ಚೂರುಗಳಿಂದ ಹೂವು ಇಡುತ್ತಾರೆ. ಆಫ್ರಿಕಾ ಮೂಲದ ಈ ಜನರನ್ನು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಇಂದು ಅವರ ಕವಂದಿಗಳು ದೂರದೇಶದ ವಸ್ತುಸಂಗ್ರಹಾಲಯಗಳ ಗೋಡೆಯನ್ನೂ ಏರಿವೆ.

ಪಶ್ಚಿಮದವರ ರೀತಿ ಬೇರೆಯಾದರೂ ತರ್ಕ ಇದೇ. 1616ರ ತನ್ನ ಉಯಿಲಿನಲ್ಲಿ ಷೇಕ್ಸ್‌ಪಿಯರ್ ಹೆಂಡತಿಗೆ ಎರಡನೆಯ ದರ್ಜೆಯ ಮಂಚವನ್ನು ಅದರ ಸರಂಜಾಮಿನೊಡನೆ ಬಿಟ್ಟುಹೋದದ್ದು ವಿದ್ವಾಂಸರ ಜಗಳಕ್ಕೆ ಕಾರಣವಾಗಿದೆ. ಅದು ಅಕ್ಕರೆಯೋ ತಿರಸ್ಕಾರವೋ, ಆ ಗೊಡವೆ ನಮಗೆ ಬೇಡ. ಹಾಸು, ಹೊದಿಕೆ, ಪರದೆಗಳು ಉಯಿಲಿನಲ್ಲಿ ಬರೆಯಬೇಕಾದಷ್ಟು ಬೆಲೆಯುಳ್ಳ ಆಸ್ತಿಯಾಗಿದ್ದವೆಂಬುದು ಮುಖ್ಯ. ಇಂಗ್ಲೆಂಡಿನ ಗೃಹಿಣಿಯರು ನಡುವೆ ಸವೆದ ಹಾಸನ್ನು ಉದ್ದಕ್ಕೆ ಸೀಳಿ, ಗಟ್ಟಿಯಾದ ಅಂಚುಗಳೆರಡನ್ನು ನಡುವೆ ತಂದು ಕೂಡಿಸಿ ಹೊಲಿಯುತ್ತಿದ್ದರು. ಸವೆದ ಭಾಗ ಬದಿಗೆ ಸರಿದು ಹಾಸಿಗೆಯ ಕೆಳಗೆ ಮಡಚಿಕೊಳ್ಳುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ, 1941ರ ಜೂನ್ 1ರಿಂದ ಅಲ್ಲಿ ಬಟ್ಟೆಗೆ ಪಡಿತರ ಬಂದಾಗ ಇಂಥ ಮನೆಯ ವಿದ್ಯೆಯೇ ದೇಶಸೇವೆಯಾಯಿತು. 1943ರಲ್ಲಿ ಸರಕಾರವೇ ಇದ್ದುದನ್ನು ರಿಪೇರಿ ಮಾಡಿಕೊಂಡು ಬಾಳುವ ಬಗೆಗೆ ಕೈಪಿಡಿ ಹೊರತಂದಿತು. ಅದೇ ವರ್ಷ ನಮ್ಮ ದೇಶದಲ್ಲಿಯೂ ಹತ್ತಿಬಟ್ಟೆಯ ಮೇಲೆ ಕಂಟ್ರೋಲ್ ಬಂದಿತು.

ಸಾಹಿತ್ಯಾಸಕ್ತರು ಮರೆಯಬಾರದ ಇನ್ನೊಂದು ಘಟ್ಟವಿದೆ. ಯುರೋಪಿನಲ್ಲಿ 19ನೆಯ ಶತಮಾನದ ಮಧ್ಯಭಾಗದವರೆಗೂ ಕಾಗದವನ್ನು ಮಾಡುತ್ತಿದ್ದುದು ಮುಖ್ಯವಾಗಿ ಚಿಂದಿಬಟ್ಟೆಯಿಂದ. ನಾರುಬಟ್ಟೆಯ ಹಳೆಯ ಅಂಗಿ, ಹಾಸುಗಳನ್ನು ಚಿಂದಿಯವರು ಕೊಂಡೊಯ್ದು ಕಾರ್ಖಾನೆಗೆ ಮಾರುತ್ತಿದ್ದರು. ಅಲ್ಲಿ ಅವನ್ನು ಕೊಳೆಸಿ ಕುಟ್ಟಿ ತಿರುಳು ಮಾಡುತ್ತಿದ್ದರು. 1455ರ ಸುಮಾರಿಗೆ ಅಚ್ಚಾದ ಗುಟೆನ್‌ಬರ್ಗ್‌ನ ಬೈಬಲಿನ ಹೆಚ್ಚಿನ ಪ್ರತಿಗಳು ಇಂಥ ಕಾಗದದ ಮೇಲೆಯೇ ಇವೆ. ಯಾರೋ ಹುಟ್ಟಿದ, ಯಾರೋ ಕೊನೆಯುಸಿರೆಳೆದ ಹಾಸು ಒಂದು ದಿನ ಗ್ರಂಥವಾಗಿ ಮತ್ತೊಬ್ಬರ ಕೈ ಸೇರುತ್ತಿತ್ತು. ಅನಂತರ ಮರದ ತಿರುಳು ಬಂದಿತು. ಕಾಗದ ಅಗ್ಗವಾಯಿತು, ಬೇಗನೆ ಹಳದಿಯಾಗಿ ಪುಡಿಯಾಗುವುದೂ ಮೊದಲಾಯಿತು. ಮುನ್ನೂರು ವರ್ಷದ ಚಿಂದಿಕಾಗದ ಗಟ್ಟಿಯಾಗಿರುವಾಗ ನೂರು ವರ್ಷದ ಪುಸ್ತಕ ಕೈಯಲ್ಲಿ ಮುರಿಯುವುದನ್ನು ಗ್ರಂಥಾಲಯಗಳಲ್ಲಿ ಕಾಣುತ್ತೇವೆ.

ಈಗಿನ ಸ್ಥಿತಿ ಏನು? ಪಾಲಿಯೆಸ್ಟರ್ ಬೆರೆತ ಹಾಸು ಹತ್ತಿಯಷ್ಟು ಬೇಗ ಪಿಸಿಯುವುದಿಲ್ಲ. ಆದರೆ ಬೆವರನ್ನಾಗಲಿ ನೀರನ್ನಾಗಲಿ ಸರಿಯಾಗಿ ಹೀರುವುದೂ ಇಲ್ಲ. ಕೌದಿಗೆ ಅದು ಹಿತವಲ್ಲ, ಮಸಿಅರಿವೆಗೂ ಒದಗದು. ಮುಂದಿನ ಮನೆ ಇಲ್ಲದ ಬಟ್ಟೆಯನ್ನು ಹೊರಗೆ ಕಳಿಸುವುದಾದರೂ ಎಲ್ಲಿಗೆ? ಹರಿಯಾಣದ ಪಾಣಿಪತ್ತಿನಲ್ಲಿ ಲೋಕದ ಹಳೆಯ ಬಟ್ಟೆಯನ್ನೆಲ್ಲ ತರಿಸಿ, ಹಿಂಜಿ, ನೂತು ಕಂಬಳಿ ಮಾಡುವ ಉದ್ಯಮವಿದೆ. ಆನಂದನ ತರ್ಕ ಅಲ್ಲಿ ಯಂತ್ರದ ರೂಪದಲ್ಲಿ ಬದುಕಿದೆ. ಆದರೆ ಮನೆಯೊಳಗಿನ ನಿರ್ಣಯ ಸಡಿಲವಾಗಿದೆ: ಒಂದೋ ಬಣ್ಣ ಬೇಸರವಾಯಿತೆಂದು ಗಟ್ಟಿ ಬಟ್ಟೆಯನ್ನು ಎಸೆಯುತ್ತೇವೆ, ಇಲ್ಲವೇ ಎಸೆಯಲಾರದೆ ಕಪಾಟಿನಲ್ಲಿ ಒಟ್ಟುತ್ತೇವೆ.

ಕನ್ನಡದ ಮೇಷ್ಟರಾದ ನನ್ನನ್ನು ಕಾಡುವುದು ಇನ್ನೊಂದು ನಷ್ಟ. ಮಾಸಲು, ಸವಕಲು, ಪಿಸಿದದ್ದು, ಹರಕು, ತೇಪೆ, ಚಿಂದಿ—ಬಟ್ಟೆಯ ಒಂದೊಂದು ಅವಸ್ಥೆಗೂ ನಮ್ಮಲ್ಲಿ ಒಂದೊಂದು ಮಾತಿತ್ತು. ಈಗ ಎಲ್ಲಕ್ಕೂ 'ಹಳೇದು' ಎಂಬ ಒಂದೇ ಮಾತು. ಅರಿವೆಯ ಬಗೆಗಿನ ಈ ಅರಿವನ್ನು ನಮ್ಮ ಹಿರಿಯ ಹೆಂಗಸರು ಬರೆದಿಡಲಿಲ್ಲ. ಬರೆಯಲು ಅವರಿಗೆ ಬಿಡುವೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಕೌದಿ ಹೊಲಿಯಬಲ್ಲ ಕೈಗಳು ಇನ್ನೂ ನಮ್ಮ ಊರುಗಳಲ್ಲಿವೆ. ಅವರ ಎದುರು ಕುಳಿತು ಈ ಮಾತುಗಳನ್ನು ಬರೆದುಕೊಳ್ಳುವ ಕೆಲಸವನ್ನು ನಮ್ಮ ತರುಣ ವಿದ್ಯಾರ್ಥಿಗಳು ತಡಮಾಡದೆ ಕೈಗೊಳ್ಳಬೇಕು.