ಚಕ್ರವರ್ತಿಗಳಲ್ಲದ ರೋಮನ್ನರು

ರೋಮಿನ ಇತಿಹಾಸವೆಂದೊಡನೆ ಜೂಲಿಯಸ್ ಸೀಸರ್, ಅಗಸ್ಟಸ್, ನೀರೋ ಮುಂತಾದವರ ಹೆಸರುಗಳೇ ನೆನಪಿಗೆ ಬರುತ್ತವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಸಾಮ್ರಾಜ್ಯಕ್ಕೆ ಹಿಟ್ಟು ಬೀಸಿದವರು, ಲೆಕ್ಕ ಬರೆದವರು, ನೂಲು ತೆಗೆದವರು ಯಾರು? ಬಹುಪಾಲು ಜನರ ಹೆಸರು ಅಳಿದುಹೋಗಿದೆ. ಉಳಿದ ಕೆಲವರನ್ನಾದರೂ ನಮ್ಮ ವಿದ್ಯಾರ್ಥಿಗಳು ಅರಿತಿರಬೇಕು.

ರೋಮ್ ನಗರದ ಪೋರ್ತಾ ಮಜ್ಜೋರೆ ಎಂಬ ಹೆಬ್ಬಾಗಿಲ ಬಳಿ ಒಂದು ವಿಚಿತ್ರ ಸಮಾಧಿಯಿದೆ. ಅದು ಕ್ರಿ.ಪೂ. ಒಂದನೇ ಶತಮಾನದ ಯೂರಿಸಾಕಿಸ್ ಎಂಬ ರೊಟ್ಟಿ ತಯಾರಕನದು. ಹಿಟ್ಟು ಬೀಸುವುದು, ನಾದುವುದು, ಒಲೆಗೆ ಇಡುವುದು, ತೂಗುವುದು ಎಲ್ಲವನ್ನೂ ಅದರ ಮೇಲೆ ಕೆತ್ತಿಸಲಾಗಿದೆ. ಯುದ್ಧಗಳಲ್ಲಿ ಗೆದ್ದವರ ಸ್ಮಾರಕಗಳಿಂದ ತುಂಬಿದ ಊರಿನಲ್ಲಿ ರೊಟ್ಟಿಯವನೊಬ್ಬ ತನ್ನ ಕಸುಬನ್ನೇ ಕಲ್ಲಿನಲ್ಲಿ ನಿಲ್ಲಿಸಿದ. ಮುಂದೆ ಕಟ್ಟಿದ ಕೋಟೆಯ ಬುರುಜಿನೊಳಗೆ ಮುಚ್ಚಿಹೋಗಿದ್ದ ಅದು 1838ರಲ್ಲಿ ಮತ್ತೆ ಬೆಳಕಿಗೆ ಬಂತು.

ಶಿಕ್ಷಣದ ವಿಷಯ ಬಂದಾಗ ನೆನೆಯಬೇಕಾದವನು ಕವಿ ಹೊರೇಸನ ತಂದೆ. ದಕ್ಷಿಣ ಇಟಲಿಯ ವೆನೂಸಿಯಾದ ಈ ಮನುಷ್ಯ ಒಮ್ಮೆ ಗುಲಾಮನಾಗಿದ್ದವನು. ಬಿಡುಗಡೆಯಾದ ಮೇಲೆ ಹರಾಜಿನ ಹಣ ವಸೂಲಿ ಮಾಡುವ ಕೆಲಸ, ಜೊತೆಗೆ ಚಿಕ್ಕದೊಂದು ಹೊಲ. ಕ್ರಿ.ಪೂ. 65ರಲ್ಲಿ ಹುಟ್ಟಿದ ಮಗನನ್ನು ಊರಿನ ಸೇನಾಧಿಕಾರಿಗಳ ಮಕ್ಕಳು ಹೋಗುತ್ತಿದ್ದ ಶಾಲೆಗೇ ಕಳಿಸಬಹುದಿತ್ತು. ಆತ ಹಾಗೆ ಮಾಡಲಿಲ್ಲ. ಸೆನೆಟರುಗಳ ಮಕ್ಕಳು ಕಲಿಯುವುದನ್ನೇ ತನ್ನ ಮಗನೂ ಕಲಿಯಬೇಕೆಂದು ರೋಮಿಗೆ ಕರೆದೊಯ್ದ. ಮಕ್ಕಳನ್ನು ಶಾಲೆಗೆ ಕರೆದೊಯ್ಯುವುದು ಅಲ್ಲಿ ಗುಲಾಮರ ಕೆಲಸ. ಈ ತಂದೆ ತಾನೇ ಗುರುಗಳ ಮನೆಮನೆಗೆ ಮಗನ ಜೊತೆ ನಡೆದ. ಮಗ ದೊಡ್ಡ ಕವಿಯಾದಾಗ ಜನ ಅವನನ್ನು ಗುಲಾಮನಾಗಿದ್ದವನ ಮಗನೆಂದು ಹಂಗಿಸಿದರು. ಮತ್ತೆ ಹುಟ್ಟಿ ತಂದೆ-ತಾಯಿಯನ್ನು ಆರಿಸಿಕೊಳ್ಳುವ ಅವಕಾಶ ದೊರೆತರೂ ಬೇರೆಯವರು ಬೇಡವೆಂದು ಹೊರೇಸ್ ಬರೆದ. ಇಷ್ಟಾದರೂ ತಂದೆಯ ಹೆಸರನ್ನು ಮಾತ್ರ ಆತ ಎಲ್ಲಿಯೂ ಹೇಳಿಲ್ಲ!

ಸಿಸೆರೋನ ಬರಹಗಾರ ಟೈರೋ ಕೂಡ ಗುಲಾಮನೇ. ಕ್ರಿ.ಪೂ. 53ರಲ್ಲಿ ಅವನಿಗೆ ಬಿಡುಗಡೆ ಸಿಕ್ಕಿತು. ಮಾತಿನ ವೇಗಕ್ಕೆ ಬರೆಯುವ ಶೀಘ್ರಲಿಪಿಗೆ ಅವನ ಹೆಸರೇ ನಿಂತಿದೆ. ಟೈರೋ ಕಾಯಿಲೆ ಬಿದ್ದಾಗ ಸಿಸೆರೋ ಬರೆದ ಕಳವಳದ ಪತ್ರಗಳು ಇಂದಿಗೂ ಓದಲು ಸಿಗುತ್ತವೆ.

ಇದನ್ನೆಲ್ಲ ಓದಿ ರೋಮಿನ ಗುಲಾಮಗಿರಿ ಮೃದುವಾಗಿತ್ತೆಂದು ಯಾರೂ ಭಾವಿಸಬಾರದು. ಸ್ಪೇನಿನ ಬೆಳ್ಳಿ ಗಣಿಗಳಲ್ಲಿ ಸತ್ತವರಿಗೆ ಪತ್ರ ಬರೆದವರಿಲ್ಲ, ಕಲ್ಲು ನೆಡಿಸಿದವರೂ ಇಲ್ಲ.

ಕಲ್ಲು ದೊರೆತ ಒಬ್ಬಾಕೆ ರೆಜಿನಾ. ಬ್ರಿಟನ್ನಿನ ಕ್ಯಾಟುವೆಲ್ಲೌನಿ ಬುಡಕಟ್ಟಿನ ಈ ಹೆಣ್ಣು ಗುಲಾಮಳಾಗಿದ್ದಳು. ಸಿರಿಯಾದ ಪಾಲ್ಮೈರಾ, ಅಂದರೆ ಅರಬ್ಬರ ತದ್ಮುರ್, ಊರಿನ ಬರಾತಿಸ್ ಎಂಬವನು ಅವಳನ್ನು ಬಿಡುಗಡೆ ಮಾಡಿ ಮದುವೆಯಾದ. ಅವಳು ಮೂವತ್ತನೇ ವಯಸ್ಸಿನಲ್ಲಿ ತೀರಿಕೊಂಡಳು. ಇಂಗ್ಲೆಂಡಿನ ಸೌತ್ ಶೀಲ್ಡ್ಸ್‌ನಲ್ಲಿ ಸಿಕ್ಕ ಎರಡನೇ ಶತಮಾನದ ಆ ಕಲ್ಲಿನಲ್ಲಿ ರೆಜಿನಾ ಕುರ್ಚಿಯ ಮೇಲೆ ಕುಳಿತಿದ್ದಾಳೆ. ಮಡಿಲಲ್ಲಿ ನೂಲುವ ಕದಿರು, ಪಕ್ಕದಲ್ಲಿ ಉಣ್ಣೆಯ ಉಂಡೆಗಳ ಬುಟ್ಟಿ. ಮುಖ ಒಡೆದುಹೋಗಿದೆ. ಚಿತ್ರದ ಕೆಳಗೆ ಲ್ಯಾಟಿನ್ ಬರಹವಿದೆ. ಅದರ ವ್ಯಾಕರಣ ಅಷ್ಟು ಸರಿಯಿಲ್ಲ. ಅದರ ಕೆಳಗೆ ಬಲದಿಂದ ಎಡಕ್ಕೆ, ತನ್ನೂರಿನ ಅರಾಮಿಕ್ ಲಿಪಿಯಲ್ಲಿ ಬರಾತಿಸ್ ಒಂದೇ ಸಾಲು ಬರೆಸಿದ್ದಾನೆ. ಅಲ್ಲಿ ಅವಳ ಹೆಸರು, ಅವಳು ತಾನು ಬಿಡುಗಡೆ ಮಾಡಿದವಳೆಂಬ ಮಾತು, ಕೊನೆಗೆ ‘ಅಯ್ಯೋ’ ಎಂಬ ಒಂದು ಪದ ಇದೆ.